ದಣಿವಿಗೆ ಕಾರಣ ಹುಡುಕುತ್ತ ಹೋದಾಗ

ನನಗೆ ಆಟಿಸಂ ಇದೆ, ಅಂದರೆ ಹುಟ್ಟಿನಿಂದಲೇ ನನ್ನ ಮಿದುಳು ಕೆಲಸ ಮಾಡುವ ರೀತಿ ಬೇರೆ ಎಂದು ಗೊತ್ತಾದದ್ದು 38ನೇ ವಯಸ್ಸಿನಲ್ಲಿ. ಅಷ್ಟು ಹೊತ್ತಿಗೆ ಓದು ಮುಗಿದಿತ್ತು, ಕೆಲಸ ಸಿಕ್ಕಿತ್ತು, ಮದುವೆಯಾಗಿತ್ತು. 'ಎಲ್ಲರ ಜೊತೆ ಹೊಂದಿಕೊಂಡು ಹೋಗ್ತಾಳೆ' ಎಂಬ ಹೆಸರೂ ಬಂದಿತ್ತು. ಹಾಗಿದ್ದ ಮೇಲೆ ಈ ತಪಾಸಣೆ ಯಾಕೆ ಬೇಕಿತ್ತು ಅಂತ ತುಂಬ ಜನ ಕೇಳುತ್ತಾರೆ. ಆ ಹೆಸರು ಉಳಿಸಿಕೊಳ್ಳಲು ದಿನಾ ಎಷ್ಟು ಶಕ್ತಿ ಖರ್ಚಾಗುತ್ತಿತ್ತು ಅನ್ನುವುದು ಹೊರಗಿನಿಂದ ನೋಡುವವರಿಗೆ ಕಾಣುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾದದ್ದು ದಣಿವಿನಿಂದ. ನಿದ್ದೆ ಮಾಡಿದರೆ ಹೋಗುವ ದಣಿವಲ್ಲ. ರಜೆ ಹಾಕಿ ಮನೆಯಲ್ಲಿ ಕೂತರೂ ಹೋಗಲಿಲ್ಲ. ಮೊದಲು ಸಲೀಸಾಗಿ ಮಾಡುತ್ತಿದ್ದ ಕೆಲಸಗಳು ಒಂದೊಂದಾಗಿ ಕೈಬಿಡತೊಡಗಿದವು. ಸಂಜೆ ಹೊತ್ತಿಗೆ ಮಾತು ಹೊರಡುತ್ತಿರಲಿಲ್ಲ. ಹೇಳಬೇಕಾದ್ದೆಲ್ಲ ತಲೆಯಲ್ಲಿರುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಬೆಳಿಗ್ಗೆ ಬೀರುವಿನ ಮುಂದೆ ನಿಂತರೆ ಯಾವ ಬಟ್ಟೆ ಹಾಕಿಕೊಳ್ಳಬೇಕೆಂದು ತೀರ್ಮಾನವಾಗದೆ ನಿಂತೇ ಇರುತ್ತಿದ್ದೆ. ಪಕ್ಕದ ರೂಮಿನ ಫ್ಯಾನಿನ ಟಕಟಕ ಸದ್ದು ನನ್ನ ತಲೆಯೊಳಗೇ ಆಗುತ್ತಿದೆ ಅನ್ನಿಸುತ್ತಿತ್ತು. ರಕ್ತ ಪರೀಕ್ಷೆ, ಥೈರಾಯ್ಡ್, ವಿಟಮಿನ್ ಎಲ್ಲ ನೋಡಿದ್ದಾಯಿತು. ಯಾವುದರಲ್ಲೂ ತೊಂದರೆ ಇರಲಿಲ್ಲ. 'ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ' ಎಂದರು. ಖಿನ್ನತೆ ಇರಬಹುದು ಎಂದು ಮಾತ್ರೆಯನ್ನೂ ಕೊಟ್ಟರು. ಮಾತ್ರೆಯಿಂದ ಅಳು ಕಡಿಮೆಯಾಯಿತು. ದಣಿವು ಹಾಗೇ ಉಳಿಯಿತು.

ಖಿನ್ನತೆಗೆಂದೇ ಒಬ್ಬರು ಕೌನ್ಸೆಲರ್ ಹತ್ತಿರ ಹೋಗುತ್ತಿದ್ದೆ. ಒಂದು ದಿನ ಅವರು ಮನಸ್ಸಿನ ವಿಷಯ ಬಿಟ್ಟು ಶಬ್ದದ ವಿಷಯ ಎತ್ತಿದರು.

"ಈ ಶಬ್ದದ ತೊಂದರೆ ಈಗ ಬಂದದ್ದಾ, ಚಿಕ್ಕವರಿದ್ದಾಗಲೂ ಇತ್ತಾ?"

"ಮೊದಲಿಂದಲೂ ಇದೆ. ಎಲ್ಲರಿಗೂ ಇರುತ್ತಲ್ಲ ಮೇಡಂ. ಅವರು ತಡ್ಕೋತಾರೆ, ನಾನೂ ತಡ್ಕೋತಿದ್ದೆ."

"ಎಲ್ಲರಿಗೂ ಇರುತ್ತೆ ಅಂತ ನಿಮಗೆ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಟ್ಯೂಬ್‌ಲೈಟಿನ ಗುಂಯ್ ಸದ್ದು ಎಲ್ಲರ ಕಿವಿಗೂ ಬೀಳುತ್ತದೆ, ಬಟ್ಟೆಯ ಕತ್ತಿನ ಲೇಬಲ್ ಎಲ್ಲರಿಗೂ ಚುಚ್ಚುತ್ತದೆ, ಯಾರ ಜೊತೆಯಾದರೂ ಮಾತಾಡುವ ಮುಂಚೆ ಎಲ್ಲರೂ ಮನಸ್ಸಿನಲ್ಲೇ ಒಂದು ಸಲ ಆಡಿ ನೋಡುತ್ತಾರೆ ಎಂದೇ ನಾನು ಬದುಕಿದ್ದೆ. ಅವರು ಸಹಿಸುತ್ತಾರೆ, ನನಗೆ ಸಹಿಸುವ ಶಕ್ತಿ ಕಮ್ಮಿ ಎಂದುಕೊಂಡಿದ್ದೆ. ಆಟಿಸಂ ತಪಾಸಣೆ ಮಾಡಿಸಿ ನೋಡಬಹುದು ಅಂತ ಕೌನ್ಸೆಲರ್ ಹೇಳಿದ್ದು ಅವತ್ತು.

ನಂಬಿಕೆ ಬರಲಿಲ್ಲ. ಆಟಿಸಂ ಎಂದರೆ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಮಾತಾಡದ ಪುಟ್ಟ ಹುಡುಗ. ಹಾಗೆ ಅನ್ನಿಸಲು ಕಾರಣವೂ ಇದೆ. 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಬರೆದ ಹೆಸರಾಂತ ಲೇಖನದಲ್ಲಿ ಇದ್ದದ್ದು 11 ಮಕ್ಕಳು. ಅವರಲ್ಲಿ 8 ಹುಡುಗರು, 3 ಹುಡುಗಿಯರು. ಮುಂದಿನ ಎಷ್ಟೋ ವರ್ಷ ಹುಡುಕಾಟವೆಲ್ಲ ಅದೇ ಚಿತ್ರ ಇಟ್ಟುಕೊಂಡು ನಡೆಯಿತು. ಆದರೆ ಆ ಮಕ್ಕಳೂ ದೊಡ್ಡವರಾದರಲ್ಲ? ಕ್ಯಾನರ್ ಬರೆದ ಮೊದಲ ಮಗು ಡೊನಾಲ್ಡ್ ಟ್ರಿಪ್ಲೆಟ್. ಅವರು ಬ್ಯಾಂಕಿನಲ್ಲಿ ಕೆಲಸ ಮಾಡಿದರು, ಕಾರು ಓಡಿಸಿದರು, ಗಾಲ್ಫ್ ಆಡಿದರು, ದೇಶ ದೇಶ ಸುತ್ತಿದರು. 2023ರಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ವಿಷಯ ಓದಿದ ಮೇಲೆ ನನಗೆ ಒಂದು ಗಟ್ಟಿಯಾಯಿತು. ಆಟಿಸಂ ಇರುವ ಮಕ್ಕಳು ದೊಡ್ಡವರಾದ ಮೇಲೂ ಆಟಿಸಂ ಇರುವವರೇ. ಅವರು ನಮ್ಮ ನಡುವೆಯೇ ಇದ್ದಾರೆ, ಎಷ್ಟೋ ಜನಕ್ಕೆ ಹೆಸರು ಸಿಕ್ಕಿಲ್ಲ, ಅಷ್ಟೇ.

ದೊಡ್ಡವರನ್ನು ನೋಡುವವರು ಸಿಗುವುದೇ ಕಷ್ಟವಾಯಿತು. ಫೋನ್ ಮಾಡಿದ ಕಡೆಯೆಲ್ಲ 'ಮಗುವಿಗೆ ಎಷ್ಟು ವಯಸ್ಸು?' ಎಂದೇ ಮಾತು ಶುರುವಾಗುತ್ತಿತ್ತು. ಫೋನ್ ಕರೆ ನನಗೆ ಮೊದಲೇ ಬಲು ಕಷ್ಟದ ಕೆಲಸ. ಎದುರಿನವರ ಮಾತು ಯಾವಾಗ ಮುಗಿಯಿತು, ನನ್ನ ಸರದಿ ಯಾವಾಗ ಬಂತು ಎಂದು ತಿಳಿಯುವುದಿಲ್ಲ. ಕೊನೆಗೆ ಗಂಡನೇ ಕೂತು ಹುಡುಕಿ, ಇಮೇಲ್‌ನಲ್ಲಿ ಮಾತಾಡುವ ಒಬ್ಬ ಮನಶ್ಶಾಸ್ತ್ರಜ್ಞೆಯನ್ನು ಪತ್ತೆಮಾಡಿದರು. ಕಾಯುವ ಪಟ್ಟಿ ಉದ್ದ ಇತ್ತು. ಕಾದೆ.

ಮೊದಲು ಬಂದದ್ದು ಪ್ರಶ್ನಾವಳಿಗಳು. ಎಕ್ಯೂ ಎಂಬುದರಲ್ಲಿ 50 ಹೇಳಿಕೆಗಳು. ಅದು ಆಟಿಸಂ ಸಂಶೋಧಕ ಸೈಮನ್ ಬ್ಯಾರನ್-ಕೋಹೆನ್ ಮತ್ತು ಜೊತೆಗಾರರು 2001ರಲ್ಲಿ ಮಾಡಿದ್ದು. ರಾಡ್ಸ್-ಆರ್ ಎಂಬುದರಲ್ಲಿ 80. ಮತ್ತೊಂದು ಕ್ಯಾಟ್-ಕ್ಯೂ, 25 ಹೇಳಿಕೆಗಳು. ಇವುಗಳಲ್ಲಿ ಯಾವುದೂ ತಾನೊಂದೇ ನಿಂತು ಆಟಿಸಂ ಇದೆ ಅಂತ ತೀರ್ಪು ಕೊಡುವುದಿಲ್ಲ. ಮುಂದೆ ಯಾವ ಕಡೆ ಕೆದಕಬೇಕು ಅಂತ ತೋರಿಸುತ್ತವೆ, ಅಷ್ಟೇ. ಇಂಟರ್ನೆಟ್‌ನಲ್ಲಿ ತುಂಬಿ, ಬಂದ ಅಂಕ ನೋಡಿ ಹೆದರುವವರಿಗೆ, ಖುಷಿಪಡುವವರಿಗೆ ಇಬ್ಬರಿಗೂ ಇದು ಗೊತ್ತಿರಲಿ.

ಎಕ್ಯೂನಲ್ಲಿ ಪಾರ್ಟಿಗೆ ಹೋಗುವುದಕ್ಕಿಂತ ಲೈಬ್ರರಿಗೆ ಹೋಗುವುದು ಇಷ್ಟವಾ ಎಂಬ ಅರ್ಥದ ಒಂದು ಹೇಳಿಕೆ ಇದೆ. ಒಪ್ಪುತ್ತೀರಾ, ಸ್ವಲ್ಪ ಒಪ್ಪುತ್ತೀರಾ, ಇಲ್ಲವಾ ಅಂತ ಗುರುತು ಹಾಕಬೇಕು. ನಾನು ಪೆನ್ನು ಹಿಡಿದು ಕೂತುಬಿಟ್ಟೆ. ಯಾವ ಲೈಬ್ರರಿ? ಜನ ಜಾಸ್ತಿ ಇರುವ ಹೊತ್ತಿನಲ್ಲೋ, ಖಾಲಿ ಇರುವಾಗಲೋ? ಪಾರ್ಟಿಯಲ್ಲಿ ನನಗೆ ಏನಾದರೂ ಕೆಲಸ ಒಪ್ಪಿಸಿರುತ್ತಾರಾ, ಸುಮ್ನೆ ನಿಂತಿರಬೇಕಾ? ಕೆಲಸ ಇದ್ದರೆ ನಾನು ಆರಾಮಾಗಿರುತ್ತೇನೆ. ಇಷ್ಟು ಗೊತ್ತಾಗದೆ ಗುರುತು ಹಾಕುವುದು ಹೇಗೆ? ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಎಲ್ಲ ಬರೆದೆ. ಜಾಗ ಸಾಲದೆ ಬೇರೆ ಹಾಳೆ ಲಗತ್ತಿಸಿದೆ. ಡಾಕ್ಟರ್, ಅಂದರೆ ಆ ಮನಶ್ಶಾಸ್ತ್ರಜ್ಞೆ, ಆಮೇಲೆ ಆ ಹಾಳೆಗಳನ್ನು ಪಕ್ಕಕ್ಕಿಡಲಿಲ್ಲ. ಒಂದೊಂದನ್ನೂ ಓದಿ, ಅದರ ಮೇಲೆಯೇ ಪ್ರಶ್ನೆ ಕೇಳಿದರು. ಅವರ ಮೇಲೆ ನನಗೆ ನಂಬಿಕೆ ಬಂದದ್ದು ಅದರಿಂದ.

ಮನಸ್ಸಿಗೆ ನಾಟಿದ್ದು ಮಾತ್ರ ಕ್ಯಾಟ್-ಕ್ಯೂ. ಅದು ಪೂರ್ತಿ ಮಾಸ್ಕಿಂಗ್ ಬಗ್ಗೆ, ಅಂದರೆ ಆಟಿಸಂ ಹೊರಗೆ ಕಾಣದ ಹಾಗೆ ಮುಚ್ಚಿಕೊಳ್ಳುವುದರ ಬಗ್ಗೆ. ಬೇರೆಯವರ ಮುಖಭಾವ, ಮಾತಿನ ರೀತಿ ನೋಡಿ ಕಲಿಯುತ್ತೀರಾ, ಸಹಜವಾಗಿ ಕಾಣಲು ಪ್ರಯತ್ನ ಮಾಡುತ್ತೀರಾ, ಜನರ ನಡುವೆ ನಟಿಸುತ್ತಿದ್ದೀರಿ ಅನ್ನಿಸುತ್ತದಾ ಎಂಬಂಥ ಹೇಳಿಕೆಗಳು. ಓದುತ್ತ ಓದುತ್ತ ಕೈ ನಡುಗಿತು. ಹೈಸ್ಕೂಲಿನಲ್ಲಿ ಒಬ್ಬ ಗೆಳತಿ ನಗುವ ರೀತಿಯನ್ನು ನಾನು ಕನ್ನಡಿ ಮುಂದೆ ನಿಂತು ಕಲಿತಿದ್ದೆ. ಯಾವ ಮಾತಿಗೆ ಎಷ್ಟು ಹೊತ್ತು ನಗಬೇಕು, ಆಮೇಲೆ ತಲೆ ಯಾವ ಕಡೆ ಆಡಿಸಬೇಕು ಎಲ್ಲ. ಇವತ್ತಿಗೂ ಆಫೀಸಿನಲ್ಲಿ ನಾನು ನಗುವುದು ಅವಳ ನಗು. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವಂಥ ವಿಷಯ ಎಂದೂ ಗೊತ್ತಿರಲಿಲ್ಲ. ಅದನ್ನೇ ಯಾರೋ ಕಾಗದದ ಮೇಲೆ ಅಚ್ಚುಹಾಕಿಸಿ ಕೇಳುತ್ತಿದ್ದರು.

ಆಮೇಲೆ ಅಮ್ಮನ ಜೊತೆ ಮಾತು. ಆಟಿಸಂ ಹುಟ್ಟಿನಿಂದ ಬರುವಂಥದ್ದು, ನಡುವೆ ಬರುವುದಲ್ಲ. ಹಾಗಾಗಿ ಬಾಲ್ಯ ಹೇಗಿತ್ತು ಅಂತ ತಿಳಿಯಲೇಬೇಕು. ಸಾಧ್ಯವಿದ್ದರೆ ಹೆತ್ತವರನ್ನು ಕೇಳುತ್ತಾರೆ. ಅಮ್ಮನಿಗೆ ನನ್ನ ಬಾಲ್ಯದಲ್ಲಿ ಹೇಳುವಂಥದ್ದು ಏನೂ ಇರಲಿಲ್ಲ.

"ತುಂಬ ಒಳ್ಳೇ ಮಗು ಡಾಕ್ಟ್ರೇ. ಹಟ ಇಲ್ಲ, ಗಲಾಟೆ ಇಲ್ಲ. ಗುಂಡಿ ಡಬ್ಬ ಕೊಟ್ಟು ಕೂರಿಸಿದರೆ ಸಾಕು, ಗಂಟೆಗಟ್ಟಲೆ ಕೂತಿರೋಳು."

"ಗುಂಡಿಗಳಲ್ಲಿ ಏನು ಆಡ್ತಿದ್ಲು?"

"ಎರಡು ತೂತಿನದು ಒಂದು ಕಡೆ, ನಾಲ್ಕು ತೂತಿನದು ಒಂದು ಕಡೆ. ಆಮೇಲೆ ಬಣ್ಣ. ಆಮೇಲೆ ಸೈಜು. ಯಾರಾದ್ರೂ ಮುಟ್ಟಿದ್ರೆ ಮಾತ್ರ ಉಸಿರುಕಟ್ಟೋ ಹಾಗೆ ಅಳೋಳು. ಅದೆಲ್ಲ ಮಕ್ಕಳಲ್ಲಿ ಇರೋದೇ ಅಲ್ವಾ? ನಾನೂ ಹಾಗೇ ಇದ್ದೆ."

ಡಾಕ್ಟರ್ ಬರೆದುಕೊಂಡರು. ಆಟಿಸಂ ಕುಟುಂಬದಲ್ಲಿ ಹರಿದು ಬರುವುದು ಜಾಸ್ತಿ. ಅವಳಿ ಮಕ್ಕಳ ಮೇಲಿನ ಅಧ್ಯಯನಗಳು ಇದನ್ನು ಮತ್ತೆ ಮತ್ತೆ ತೋರಿಸಿವೆ. ಅದಕ್ಕೇ ಎಷ್ಟೋ ಮನೆಗಳಲ್ಲಿ 'ನಾನೂ ಹಾಗೇ ಇದ್ದೆನಲ್ಲ' ಎಂಬ ಮಾತಿನಲ್ಲಿ ಎಲ್ಲ ಮುಚ್ಚಿಹೋಗುತ್ತದೆ. ಬೇರೆಯವರಿಗೆ ವಿಚಿತ್ರವಾಗಿ ಕಾಣಬಹುದಾದದ್ದು ಮನೆಯೊಳಗೆ ಮಾಮೂಲಿ.

ಹೊರಡುವ ಮುಂಚೆ ಅಮ್ಮ ಒಂದು ಪ್ರಶ್ನೆ ಕೇಳಿದಳು. "ನಾನು ಸರಿಯಾಗಿ ಎತ್ತಿ ಆಡಿಸಲಿಲ್ವೇನೋ. ಆಗ ಕೆಲಸಕ್ಕೆ ಹೋಗ್ತಿದ್ದೆ. ಅದಕ್ಕೇ ಹೀಗಾಯ್ತಾ?" ಡಾಕ್ಟರ್ ಪೆನ್ನು ಕೆಳಗಿಟ್ಟರು. ತಾಯಿಯ ಪ್ರೀತಿ ಸಾಲದ್ದಕ್ಕೆ ಆಟಿಸಂ ಬರುತ್ತದೆ ಎಂದು 1950, 60ರ ದಶಕಗಳಲ್ಲಿ ದೊಡ್ಡ ದೊಡ್ಡವರೇ ಹೇಳುತ್ತಿದ್ದರು, ಅದು ಸುಳ್ಳು ಎಂದು ಯಾವತ್ತೋ ಸಾಬೀತಾಗಿದೆ, ಆ ಮಾತಿನಿಂದ ಎಷ್ಟೋ ತಾಯಂದಿರು ಸುಮ್ಮನೆ ನೊಂದರು ಎಂದು ನಿಧಾನವಾಗಿ ವಿವರಿಸಿದರು. ಅಮ್ಮ ತಲೆಯಾಡಿಸಿದಳು. ಪೂರ್ತಿ ನಂಬಿದಳು ಎಂದು ನನಗೆ ಅನ್ನಿಸುವುದಿಲ್ಲ. ಇವತ್ತಿಗೂ ಆಗಾಗ ಅದನ್ನೇ ಕೇಳುತ್ತಾಳೆ, ನಾನು ಅದೇ ಉತ್ತರ ಹೇಳುತ್ತೇನೆ. ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಎದುರು ಕೂತು ಮಾಡುವ ತಪಾಸಣೆಗೆ ಎಡಾಸ್ ಎನ್ನುತ್ತಾರೆ. ಸರಾಗವಾಗಿ ಮಾತಾಡುವ ದೊಡ್ಡವರಿಗೆಂದೇ ಅದರಲ್ಲಿ ಒಂದು ಭಾಗ ಇದೆ. ಹೊರಗಿನಿಂದ ನೋಡಿದರೆ ಅದು ಹರಟೆಯಂತೆ ಕಾಣುತ್ತದೆ. ಮಾತಿಲ್ಲದ ಚಿತ್ರಪುಸ್ತಕ ಕೊಟ್ಟು ಕಥೆ ಹೇಳಿ ಎಂದರು. ನಾನು ಪುಟ ತಿರುಗಿಸುತ್ತ ಹೇಳತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ, ಹಿಂದಿನ ಪುಟದಲ್ಲಿ ಕಿಟಕಿಗೆ ಪರದೆ ಇತ್ತು, ಇಲ್ಲಿ ಇಲ್ಲ, ಇದು ಬೇರೆ ಮನೆಯಾ ಎಂದು ಕೇಳಿದೆ. ಆ ಪುಟದ ನಡುವೆ ಒಬ್ಬ ಮನುಷ್ಯ ಬಾಯಿ ತೆರೆದು ಗಾಬರಿಯಿಂದ ನಿಂತಿದ್ದ. ಅವನನ್ನು ನಾನು ನೋಡಿದ್ದು ಆಮೇಲೆ.

ನಡುನಡುವೆ ಅವರು ಮಾತು ನಿಲ್ಲಿಸಿ ಸುಮ್ಮನಿರುತ್ತಿದ್ದರು. ಅಥವಾ ತಮ್ಮ ಬಗ್ಗೆ ಏನೋ ಒಂದು ಹೇಳಿ ಬಿಟ್ಟುಬಿಡುತ್ತಿದ್ದರು. ಅಲ್ಲಿ ಮಾತು ಮುಂದುವರಿಸುವುದು ನನ್ನ ಕೆಲಸ ಎಂದು ನನಗೆ ಕಲಿತು ಗೊತ್ತಿತ್ತು. 'ಹೌದಾ? ಆಮೇಲೆ?' ಎಂದು ಕೇಳಬೇಕು. ಕೇಳಿದೆ ಕೂಡ. "ಈಗ ಕೇಳಿದಿರಲ್ಲ, ನಿಜವಾಗಿ ತಿಳಿಯಬೇಕು ಅಂತ ಅನ್ನಿಸ್ತಾ, ಕೇಳಬೇಕು ಅಂತ ಕೇಳಿದ್ರಾ?" ಎಂದು ಎಲ್ಲ ಮುಗಿದ ಮೇಲೆ ಅವರು ಕೇಳಿದರು. ಕೇಳಬೇಕು ಅಂತ ಕೇಳಿದ್ದು ಎಂದೆ. ಅಷ್ಟು ವರ್ಷಗಳಲ್ಲಿ ಯಾರ ಹತ್ತಿರವಾದರೂ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ತೀರಾ ಕಷ್ಟವಾದದ್ದು ಭಾವನೆಗಳ ಪ್ರಶ್ನೆಗಳು. ಕೋಪ ಬಂದಾಗ ಮೈಯಲ್ಲಿ ಏನಾಗುತ್ತದೆ? ಗೊತ್ತಿಲ್ಲ. ಹೆದರಿಕೆಯಾದಾಗ? ಗೊತ್ತಿಲ್ಲ. ನನಗೆ ಏನೋ ಆಗಿದೆ ಎಂದು ಗೊತ್ತಾಗುತ್ತದೆ, ಏನು ಎಂದು ಹೇಳಲು ಎರಡು ದಿನ ಬೇಕಾಗುತ್ತದೆ. ಹಸಿವು, ಬಾಯಾರಿಕೆ, ಚಳಿಯೂ ಹಾಗೇ. ತಲೆನೋವು ಬಂದು ಕೈ ನಡುಗುವಷ್ಟಾದ ಮೇಲೆ, ಓ, ಬೆಳಿಗ್ಗೆಯಿಂದ ನೀರು ಕುಡಿದಿಲ್ಲ ಎಂದು ಹೊಳೆಯುತ್ತದೆ. ಭಾವನೆ ಗುರುತಿಸುವ ಈ ಕಷ್ಟಕ್ಕೆ ಅಲೆಕ್ಸಿಥೈಮಿಯಾ ಎನ್ನುತ್ತಾರೆ. ಆಟಿಸಂ ಇರುವ ಎಲ್ಲರಿಗೂ ಇರುವುದಿಲ್ಲ, ತುಂಬ ಜನಕ್ಕೆ ಇರುತ್ತದೆ. ಭಾವನೆಯೇ ಇಲ್ಲ ಎಂದು ಇದರ ಅರ್ಥ ಅಲ್ಲ. ನನಗೆ ಭಾವನೆಗಳು ಧಾರಾಳವಾಗಿವೆ. ಅವು ಬಂದು ಮುಟ್ಟುವುದು ತಡ, ಅಷ್ಟೇ.

ವರದಿ ಬಂತು. ಆಟಿಸಂ ಸ್ಪೆಕ್ಟ್ರಂ ಡಿಸಾರ್ಡರ್, ಲೆವೆಲ್ 1. ಡಾಕ್ಟರ್ ನನ್ನ ಜೊತೆ ಕೂತು ಒಂದೊಂದು ಪ್ಯಾರಾ ಓದಿದರು. ರೋಗನಿರ್ಣಯಕ್ಕೆ ಬಳಸುವ ಡಿಎಸ್‌ಎಂ-5 ಎಂಬ ಕೈಪಿಡಿ ಬಂದದ್ದು 2013ರಲ್ಲಿ. ಆಟಿಸಂಗೆ ಹತ್ತಿರದ್ದೇ ಆದರೂ ಆಸ್ಪರ್ಜರ್ ಎಂದು ಬೇರೆ ಹೆಸರಿನಲ್ಲಿ ಇದ್ದದ್ದನ್ನು ಅದರಲ್ಲಿ ಆಟಿಸಂ ಸ್ಪೆಕ್ಟ್ರಂ ಎಂಬ ಒಂದೇ ಹೆಸರಿನೊಳಗೆ ಸೇರಿಸಿದರು. ಶಬ್ದ, ಬೆಳಕು, ಸ್ಪರ್ಶದ ತೊಂದರೆಯನ್ನೂ ಲಕ್ಷಣಗಳ ಪಟ್ಟಿಗೆ ತಂದರು. ಅದರಲ್ಲಿ ಇನ್ನೊಂದು ಮಾತೂ ಇದೆ. ಲಕ್ಷಣಗಳು ಚಿಕ್ಕಂದಿನಿಂದಲೇ ಇರಬೇಕು, ಆದರೆ ಬದುಕಿನ ಬೇಡಿಕೆ ವ್ಯಕ್ತಿಯ ಶಕ್ತಿ ಮೀರುವ ತನಕ ಅವು ಪೂರ್ತಿ ಕಾಣದೇ ಇರಬಹುದು, ಕಲಿತುಕೊಂಡ ಉಪಾಯಗಳು ಅವನ್ನು ಮುಚ್ಚಿರಬಹುದು ಎಂದು. ಇದನ್ನು ಕೇಳಿದಾಗ ನಾನು ಅತ್ತೆ. ಕೆಲಸದಲ್ಲಿ ಬಡ್ತಿ ಬಂದು ದಿನವಿಡೀ ಮೀಟಿಂಗ್‌ಗಳಾದವು, ಮನೆಯ ಜವಾಬ್ದಾರಿ ಹೆಚ್ಚಿತು, ಉಪಾಯಗಳು ಸಾಲದೇ ಹೋದವು. ಆಟಿಸಂ ಇರುವವರ ಶಕ್ತಿ ಹೀಗೆ ಬತ್ತಿಹೋಗುವುದಕ್ಕೆ ಆಟಿಸ್ಟಿಕ್ ಬರ್ನ್‌ಔಟ್ ಎನ್ನುತ್ತಾರೆ. ಅದರ ಬಗ್ಗೆ 2020ರಲ್ಲಿ ಡೋರಾ ರೇಮೇಕರ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನ ಇದೆ. ಅದು ಹೇಳುವ ಮೂರು ಗುರುತುಗಳು: ಬಹುಕಾಲದ ದಣಿವು, ಬರುತ್ತಿದ್ದ ಕೆಲಸ ಕೈಬಿಡುವುದು, ಶಬ್ದ ಬೆಳಕು ಸಹಿಸಲಾಗದಿರುವುದು. ನಾನು ಡಾಕ್ಟರುಗಳ ಮುಂದೆಲ್ಲ ಹೇಳಿಕೊಂಡು ಬಂದದ್ದು ಇದೇ ಮೂರು.

ಸಮಾಧಾನವಾಯಿತು, ನಿಜ. ಅದರ ಹಿಂದೆಯೇ ದುಃಖವೂ ಬಂತು. ಹತ್ತನೇ ವಯಸ್ಸಿನಲ್ಲಿ ಗೊತ್ತಾಗಿದ್ದರೆ, ಇಪ್ಪತ್ತರಲ್ಲಾದರೂ ಗೊತ್ತಾಗಿದ್ದರೆ ಎಂದು ತಿಂಗಳುಗಟ್ಟಲೆ ಸಂಕಟಪಟ್ಟೆ. ಇದನ್ನು ಯಾರೂ ಮುಂಚೆ ಹೇಳಿರುವುದಿಲ್ಲ. ವರದಿ ಕೈಗೆ ಬಂದ ದಿನ ಎಲ್ಲ ಸರಿಹೋಗುತ್ತದೆ ಎಂದುಕೊಂಡು ಯಾರೂ ಹೋಗಬೇಡಿ.

'ಲೆವೆಲ್ 1' ಎನ್ನುವುದರ ಬಗ್ಗೆ ನನ್ನ ತಕರಾರಿದೆ. ಮೂರು ಲೆವೆಲ್‌ಗಳು ಎಷ್ಟು ಸಹಾಯ ಬೇಕು ಎಂಬುದರ ಮೇಲೆ ಮಾಡಿದವು, 1 ಎಂದರೆ ಮೂರರಲ್ಲಿ ಕಮ್ಮಿ ಸಹಾಯ. ಜನ ಅದನ್ನು 'ಸ್ವಲ್ಪ ಆಟಿಸಂ' ಎಂದು ಓದುತ್ತಾರೆ. ಬೆಳಿಗ್ಗೆ ಹತ್ತು ಜನರ ಮುಂದೆ ನಿಂತು ಲೆಕ್ಕ ಒಪ್ಪಿಸುವ ನಾನು, ಅದೇ ಸಂಜೆ ಮಾತು ಹೊರಡದೆ ಮೊಬೈಲ್‌ನಲ್ಲಿ ಟೈಪ್ ಮಾಡಿ ಗಂಡನಿಗೆ ತೋರಿಸುತ್ತೇನೆ. ಇದರಲ್ಲಿ ಯಾವ ಹೊತ್ತಿನದು ನನ್ನ ಲೆವೆಲ್?

ಈಗ ದಿನ ಹೇಗೆ ನಡೆಯುತ್ತದೆ ಅಂತ ಹೇಳಬೇಕು. ಗಂಟೆಗೊಮ್ಮೆ ಮೊಬೈಲ್ ಅಲಾರಂ ಬಡಿಯುತ್ತದೆ, ನೀರು ಕುಡಿಯುತ್ತೇನೆ. ಮೈಗೆ ಒಗ್ಗಿದ ಒಂದೇ ಥರದ ಬಟ್ಟೆಯನ್ನು ಬಣ್ಣ ಬದಲಿಸಿ ಇಟ್ಟುಕೊಂಡಿದ್ದೇನೆ, ಬೀರುವಿನ ಮುಂದೆ ನಿಲ್ಲುವುದು ತಪ್ಪಿದೆ. ಹೊರಗೆ ಹೋದರೆ ಶಬ್ದ ತಡೆಯುವ ಹೆಡ್‌ಫೋನ್. ಮನೆಯಲ್ಲಿ ಟ್ಯೂಬ್‌ಲೈಟ್ ತೆಗೆಸಿ ಹಳದಿ ದೀಪ ಹಾಕಿಸಿದೆವು. ಯೋಚಿಸುವಾಗ ಬೆರಳ ತುದಿಗಳನ್ನು ಒಂದೊಂದಾಗಿ ಹೆಬ್ಬೆರಳಿಗೆ ತಾಗಿಸುವ ಅಭ್ಯಾಸ ನನಗಿತ್ತು. ಶಾಲೆಯಲ್ಲಿ ಬೈದು ಬಿಡಿಸಿದ್ದರು. ಅದನ್ನು ಸ್ಟಿಮ್ಮಿಂಗ್ ಎನ್ನುತ್ತಾರೆ, ಅದು ಮೈಮನಸ್ಸನ್ನು ಹದಕ್ಕೆ ತರುತ್ತದೆ ಎಂದು ಈಗ ಗೊತ್ತು. ಮತ್ತೆ ಶುರುಮಾಡಿದ್ದೇನೆ. ದೊಡ್ಡ ಸಮಾರಂಭ ಇದ್ದರೆ ಮರುದಿನ ಯಾವ ಕೆಲಸವನ್ನೂ ಇಟ್ಟುಕೊಳ್ಳುವುದಿಲ್ಲ. ಬ್ಯಾಟರಿ ಪೂರ್ತಿ ಇಳಿದ ಫೋನಿನಿಂದ ಕರೆ ಮಾಡಲಾಗದು, ನನಗೂ ಹಾಗೇ.

ಆಫೀಸಿನಲ್ಲಿ ಹೇಳಬೇಕಾ ಬೇಡವಾ ಎಂದು ತುಂಬ ಯೋಚಿಸಿದೆ. ನಮ್ಮ ಮ್ಯಾನೇಜರ್ ಒಬ್ಬರಿಗೇ ಹೇಳಿದೆ. "ನಿಮ್ಮನ್ನು ನೋಡಿದರೆ ಹಾಗೆ ಅನ್ನಿಸೋದೇ ಇಲ್ಲವಲ್ಲ" ಎಂದರು. ಹೊಗಳಿಕೆ ಎಂದೇ ಹೇಳಿದ್ದು, ಕೆಟ್ಟ ಮನಸ್ಸಿನಿಂದಲ್ಲ. "ಅನ್ನಿಸಬಾರದು ಅಂತ ನಾನು ಪಡುವ ಶ್ರಮ ಇದೆಯಲ್ಲ ಸರ್, ಅದನ್ನು ಕಮ್ಮಿ ಮಾಡಿಕೊಂಡು ಆ ಶಕ್ತೀನ ಕೆಲಸಕ್ಕೆ ಹಾಕಬೇಕು ಅಂತಿದ್ದೀನಿ" ಎಂದೆ. ಈ ವಾಕ್ಯವನ್ನು ಮೊದಲೇ ಬರೆದಿಟ್ಟುಕೊಂಡಿದ್ದೆ. ಕೇಳಿದ್ದು ಮೂರೇ ವಿಷಯ. ಹೇಳಿದ ಕೆಲಸ ಇಮೇಲ್‌ನಲ್ಲೂ ಬರಲಿ, ಮೀಟಿಂಗ್‌ನ ವಿಷಯ ಹಿಂದಿನ ದಿನವೇ ಗೊತ್ತಾಗಲಿ, ಮಾತಾಡುವಾಗ ನಾನು ಮುಖ ನೋಡದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಮೂರಕ್ಕೂ ಒಪ್ಪಿದರು. ಎರಡನೆಯದು ಆಗಾಗ ತಪ್ಪುತ್ತದೆ, ನೆನಪಿಸುತ್ತೇನೆ.

ಆ ಮೂರನೆಯದೇ ನನಗೆ ಮುಖ್ಯ. ಎದುರಿನವರ ಕಣ್ಣು ನೋಡಿದರೆ ನನಗೆ ಮಾತು ಕೇಳಿಸುವುದಿಲ್ಲ. ಕಿವಿಗೆ ಬೀಳುತ್ತದೆ, ಅರ್ಥ ಆಗುವುದಿಲ್ಲ. ಎಷ್ಟು ಸೆಕೆಂಡ್ ನೋಡಬೇಕು, ಯಾವಾಗ ಕಣ್ಣು ಸರಿಸಬೇಕು ಎಂಬ ಎಣಿಕೆಯಲ್ಲೇ ತಲೆ ಮುಳುಗಿಹೋಗುತ್ತದೆ. ಅದಾದ ಮೇಲಿನ ಒಂದು ಮೀಟಿಂಗ್‌ನಲ್ಲಿ ಮೇಜಿನ ಅಂಚು ನೋಡುತ್ತ ಕೂತೆ. ಎಲ್ಲರೂ ಆಡಿದ ಮಾತು ಪೂರ್ತಿ ತಲೆಗೆ ಹೋಯಿತು. ಒಬ್ಬರು ಆರಂಭದಲ್ಲಿ ಹೇಳಿದ್ದಕ್ಕೂ ಇನ್ನೊಬ್ಬರು ಕೊನೆಗೆ ಹೇಳಿದ್ದಕ್ಕೂ ತಾಳೆಯಾಗದ್ದು ಕಂಡಿತು, ಹೇಳಿದೆ. ಮನೆಗೆ ಬಂದ ಮೇಲೂ ಅವತ್ತು ಮಾತಾಡಲು ಶಕ್ತಿ ಉಳಿದಿತ್ತು.

ಆಟಿಸಂ ಇರುವ ಬೇರೆ ದೊಡ್ಡವರ ಒಂದು ಗುಂಪಿಗೂ ಸೇರಿದ್ದೇನೆ. ಅಲ್ಲಿ ಸುತ್ತಿ ಬಳಸಿ ಮಾತಾಡುವವರಿಲ್ಲ. ಒಬ್ಬರು ತಮಗಿಷ್ಟದ ರೈಲಿನ ಸಿಗ್ನಲ್ ಬಗ್ಗೆ ಅರ್ಧ ಗಂಟೆ ಹೇಳಿದರೆ ಉಳಿದವರು ಕೇಳುತ್ತಾರೆ, ಮರುಪ್ರಶ್ನೆ ಹಾಕುತ್ತಾರೆ. ನನ್ನ ಮಾತು ಅಲ್ಲಿ ಯಾರಿಗೂ ಒರಟಾಗಿ ಕೇಳಿಲ್ಲ. ಡೇಮಿಯನ್ ಮಿಲ್ಟನ್ ಎಂಬ ಸಂಶೋಧಕರು, ಅವರೂ ಆಟಿಸಂ ಇರುವವರೇ, 2012ರಲ್ಲಿ ಬರೆದದ್ದು ಇದನ್ನೇ: ನಮಗೆ ಬೇರೆಯವರು ಅರ್ಥವಾಗದಷ್ಟೇ ಬೇರೆಯವರಿಗೆ ನಾವೂ ಅರ್ಥವಾಗುವುದಿಲ್ಲ, ಕೊರತೆ ಎರಡೂ ಕಡೆ ಇದೆ. ಹೊಂದಿಕೊಳ್ಳುವ ಹೊರೆ ಮಾತ್ರ ಯಾವಾಗಲೂ ಒಂದೇ ಕಡೆ ಬೀಳುತ್ತದೆ. ಇದು ಬದಲಾಗಬೇಕು.

ಹೋದ ಶಕ್ತಿಯೆಲ್ಲ ವಾಪಸ್ ಬಂದಿಲ್ಲ. ದಟ್ಟ ಟ್ರಾಫಿಕ್‌ನಲ್ಲಿ ಗಾಡಿ ಓಡಿಸುವುದು ಈಗಲೂ ಆಗುವುದಿಲ್ಲ. ಸಂಜೆಯ ಮಾತು ಕೆಲವು ದಿನ ಇರುತ್ತದೆ, ಕೆಲವು ದಿನ ಇಲ್ಲ. ಇಲ್ಲದ ದಿನ ಮನೆಯಲ್ಲಿ ಯಾರೂ 'ಏನಾಯ್ತು, ಏನಾಯ್ತು' ಎಂದು ಕೇಳುವುದಿಲ್ಲ. ಅದೇ ದೊಡ್ಡ ಉಪಕಾರ.

ತಪಾಸಣೆಗೆ ಹೋಗಬೇಕು ಎಂದಿರುವವರಿಗೆ ಒಂದೆರಡು ಮಾತು. ಹೋಗುವ ಮುಂಚೆ ಬರೆದಿಟ್ಟುಕೊಳ್ಳಿ, ಅಲ್ಲಿ ಕೂತಾಗ ನೆನಪಾಗುವುದಿಲ್ಲ. ಶಾಲೆಯ ಹಳೆಯ ವರದಿಗಳಿದ್ದರೆ ತೆಗೆದುಕೊಂಡು ಹೋಗಿ. 'ಬುದ್ಧಿವಂತೆ, ಆದರೆ ಬೆರೆಯುವುದಿಲ್ಲ' ಎಂದು ಟೀಚರ್ ಬರೆದ ಒಂದು ಸಾಲು ನನ್ನ ತಪಾಸಣೆಯಲ್ಲಿ ಕೆಲಸಕ್ಕೆ ಬಂತು. ಹೆತ್ತವರು ಇಲ್ಲದಿದ್ದರೆ ಅಕ್ಕನೋ ಅಣ್ಣನೋ ಹಳೆಯ ಗೆಳತಿಯೋ ಆಗಬಹುದು, ಯಾರೂ ಇಲ್ಲದಿದ್ದರೂ ತಪಾಸಣೆ ಮಾಡುತ್ತಾರೆ. ದೊಡ್ಡವರನ್ನು ನೋಡಿ ಅನುಭವ ಇದೆಯಾ ಎಂದು ಮೊದಲೇ ಕೇಳಿ. ಅಲ್ಲಿ ಚೆನ್ನಾಗಿ ಕಾಣಬೇಕು ಎಂದು ಕಷ್ಟಪಡಬೇಡಿ. ಹೆಡ್‌ಫೋನ್ ಬೇಕಿದ್ದರೆ ಹಾಕಿಕೊಂಡೇ ಹೋಗಿ, ಬೆರಳು ಆಡಿಸಬೇಕು ಅನ್ನಿಸಿದರೆ ಆಡಿಸಿ. ವರದಿ ಬರಹದಲ್ಲೇ ಕೇಳಿ ಪಡೆಯಿರಿ, ಒಂದು ವಾರ ಬಿಟ್ಟು ಪ್ರಶ್ನೆ ಕೇಳಲು ಇನ್ನೊಂದು ಭೇಟಿ ಆಗಲೇ ಗೊತ್ತುಮಾಡಿಕೊಳ್ಳಿ. ನಮ್ಮಂಥವರಿಗೆ ಪ್ರಶ್ನೆಗಳು ಹುಟ್ಟುವುದೇ ಆಮೇಲೆ.